ಕಣ್ಣೀರಿಗೆ ರಾಯಲ್ಟಿ ಕೊಡಬೇಕಿಲ್ಲ

ಅಮೆರಿಕದ ಕಪ್ಪು ಜನರ ಸಂಗೀತವಾದ ಬ್ಲೂಸ್ ಮತ್ತು ಜಾಝ್ ಬಗ್ಗೆ ಯಾರೇ ಬರೆಯಲಿ, ಎರಡನೇ ಸಾಲಿಗೆ ಕಣ್ಣೀರು ಬಂದುಬಿಡುತ್ತದೆ. ಗುಲಾಮರ ನಿಟ್ಟುಸಿರು ಹಾಡಾಯಿತು, ಬೆನ್ನ ಮೇಲಿನ ಬಾಸುಂಡೆ ರಾಗವಾಯಿತು, ಹೀಗೆ. ಓದೋಕೆ ಚೆನ್ನಾಗಿರುತ್ತದೆ. ನನಗೆ ಮಾತ್ರ ಈ ಮಾತು ಕೇಳಿದಾಗೆಲ್ಲ ಕಿರಿಕಿರಿ. ನೋವು ಲೋಕದಲ್ಲಿ ಎಲ್ಲ ಕಡೆ ಇದೆ. ನೋವಿದ್ದ ಕಡೆಯೆಲ್ಲ ಬ್ಲೂಸ್ ಹುಟ್ಟಲಿಲ್ಲ. ಹಾಗಾದರೆ ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನ ಅಂಥದ್ದೇನು ಮಾಡಿದರು? ಅದನ್ನು ಹೇಳದೆ ಬರೀ ನೋವಿನ ಮಾತಾಡಿದರೆ, ಅವರು ಏನೂ ಮಾಡಲಿಲ್ಲ, ಸಂಗೀತ ತಾನಾಗೇ ಸೋರಿ ಬಂತು ಅಂದಂತೆ ಆಗುತ್ತದೆ.

ನೋವು ಇರಲಿಲ್ಲ ಅಂತ ಯಾರೂ ಹೇಳೋಕಾಗಲ್ಲ ಬಿಡಿ. ಅಮೆರಿಕದ ಸಂವಿಧಾನದ 1865ರ 13ನೇ ತಿದ್ದುಪಡಿ ಗುಲಾಮಗಿರಿಯನ್ನು ತೆಗೆದುಹಾಕಿತು, ಆದರೆ ಅಪರಾಧಕ್ಕೆ ಶಿಕ್ಷೆಯಾಗಿ ದುಡಿಸಬಹುದು ಅನ್ನುವ ಒಂದು ಕಿಂಡಿ ಬಿಟ್ಟಿತು. ಆ ಕಿಂಡಿಯಲ್ಲಿ ಸಾವಿರಾರು ಜನರನ್ನು ಜೈಲಿನ ಹೆಸರಲ್ಲಿ ಮತ್ತೆ ಹೊಲಕ್ಕೆ, ಗಣಿಗೆ ನೂಕಿದರು. ಜೈಲಿಗೆ ಹೋಗದವರು ಪಾಲಿಗೆ ಹತ್ತಿ ಬೆಳೆದರು. ವರ್ಷದ ಕೊನೆಗೆ ಧಣಿಯ ಲೆಕ್ಕದ ಪುಸ್ತಕದಲ್ಲಿ ಸಾಲವೇ ಉಳಿಯುತ್ತಿತ್ತು. ಇದೆಲ್ಲ ನಿಜ. ನನ್ನ ಪ್ರಶ್ನೆ ಬೇರೆ. ಇಷ್ಟರ ನಡುವೆ ಅವರು ಕಟ್ಟಿದ್ದು ಹೇಗೆ?

ಡ್ರಮ್ಮಿನಿಂದ ಶುರು ಮಾಡೋಣ. 1739ರ ಸೆಪ್ಟೆಂಬರ್‌ನಲ್ಲಿ ಸೌತ್ ಕೆರೊಲಿನಾದ ಸ್ಟೋನೋ ನದಿಯ ಹತ್ತಿರ ಗುಲಾಮರು ಬಂಡೆದ್ದರು. ಡ್ರಮ್ ಬಾರಿಸುತ್ತಾ ರಸ್ತೆಯಲ್ಲಿ ಜನ ಸೇರಿಸಿಕೊಂಡು ಹೊರಟರು. ಬಂಡಾಯ ಅಡಗಿತು. ಮರುವರ್ಷವೇ ಕಾನೂನು ಬಂತು. ಡ್ರಮ್, ಕೊಂಬು, ಜನ ಸೇರಿಸಬಲ್ಲ ಯಾವ ದೊಡ್ಡ ಸದ್ದಿನ ವಾದ್ಯವೂ ಇಟ್ಟುಕೊಳ್ಳುವಂತಿಲ್ಲ. ಆಳುವವರಿಗೆ ಲಯದ ಶಕ್ತಿ ಏನು ಅಂತ ಚೆನ್ನಾಗಿ ಗೊತ್ತಿತ್ತು ನೋಡಿ! ಡ್ರಮ್ ಹೋಯಿತು, ಲಯ ಹೋಗಲಿಲ್ಲ. ಅಂಗೈ, ತೊಡೆ, ಎದೆ ಬಡಿದು ತಾಳ ಹಾಕಿದರು. ಪ್ರಾರ್ಥನೆಗೆ ಸೇರಿದಾಗ ವೃತ್ತದಲ್ಲಿ ಸುತ್ತುತ್ತಾ ಕೋಲಿನಿಂದ ಮರದ ನೆಲ ಕುಟ್ಟಿದರು. ಇದು ಅಳು ಅಲ್ಲ, ಯೋಚಿಸಿ ಹುಡುಕಿಕೊಂಡ ದಾರಿ.

ಲೂಸಿಯಾನಾದಲ್ಲಿ ಪರಿಸ್ಥಿತಿ ಸ್ವಲ್ಪ ಬೇರೆ. ಅಲ್ಲಿ ಮೊದಲು ಫ್ರೆಂಚರು, ಆಮೇಲೆ ಸ್ಪೇನಿನವರು ಆಳಿದರು. ಭಾನುವಾರ ಕೆಲಸ ಇಲ್ಲ ಅನ್ನುವ ರೂಢಿ ಇತ್ತು. ನ್ಯೂ ಆರ್ಲಿಯನ್ಸ್ ನಗರದವರು 1817ರಲ್ಲಿ ಗುಲಾಮರು ಕುಣಿಯಬೇಕಾದರೆ ಒಂದೇ ಗೊತ್ತಾದ ಜಾಗದಲ್ಲಿ ಸೇರಬೇಕು ಅಂತ ನಿಯಮ ಮಾಡಿದರು. ಊರಿನ ಅಂಚಿನ ಆ ಮೈದಾನವೇ ಕಾಂಗೋ ಸ್ಕ್ವೇರ್. 1819ರಲ್ಲಿ ಬೆಂಜಮಿನ್ ಲಾಟ್ರೋಬ್ ಅನ್ನುವ ವಾಸ್ತುಶಿಲ್ಪಿ ಅಲ್ಲಿಗೆ ಹೋಗಿ ನೋಡಿದ. ನೂರಾರು ಜನ ಗುಂಪು ಗುಂಪಾಗಿ ಕುಣಿಯುತ್ತಿದ್ದರು. ಅವನಿಗೆ ಚೂರೂ ಹಿಡಿಸಲಿಲ್ಲ, ಒರಟು, ಮಂಕು ಅಂತೆಲ್ಲ ಬೈದು ಬರೆದ. ಆದರೆ ಪುಣ್ಯಾತ್ಮ ವಾದ್ಯಗಳ ಚಿತ್ರ ಬಿಡಿಸಿಟ್ಟ. ಡ್ರಮ್ಮುಗಳು, ಜೊತೆಗೆ ಸೋರೆಬುರುಡೆಗೆ ತಂತಿ ಕಟ್ಟಿದ ಒಂದು ವಾದ್ಯ. ಪಶ್ಚಿಮ ಆಫ್ರಿಕಾದ ವಾದ್ಯಗಳಿಗೂ ಇವತ್ತಿನ ಬ್ಯಾಂಜೋಗೂ ಇರುವ ನೆಂಟಸ್ತಿಕೆ ಆ ಚಿತ್ರದಲ್ಲೇ ಕಾಣುತ್ತದೆ. ಇಷ್ಟವಿಲ್ಲದವನ ಡೈರಿಯೇ ಈಗ ನಮಗೆ ದೊಡ್ಡ ಸಾಕ್ಷಿ.

ಇನ್ನು ಬ್ಲೂಸ್. ಅದರ ಕಟ್ಟಡ ಎಷ್ಟು ಜಾಣತನದ್ದು ಅಂದರೆ, ಒಂದು ಸಾಲು ಹಾಡುತ್ತಾರೆ. ಅದನ್ನೇ ಇನ್ನೊಮ್ಮೆ ಹಾಡುತ್ತಾರೆ. ಮೂರನೇ ಸಾಲಲ್ಲಿ ಉತ್ತರ, ಇಲ್ಲವೇ ತಿರುವು. ಎರಡನೇ ಸಲ ಹಾಡುವುದು ಸುಮ್ನೆ ಅಲ್ಲ. ಅಷ್ಟು ಹೊತ್ತಲ್ಲಿ ಹಾಡುಗಾರ ಮೂರನೇ ಸಾಲನ್ನು ತಲೆಯಲ್ಲಿ ಹೆಣೆದುಕೊಳ್ಳಬಹುದು. ಕೇಳುವವರೂ ಏನು ಹೇಳ್ತಾನೋ ಅಂತ ಕಾಯುತ್ತಾರೆ. ಸಾಲು ಮುಗಿದು ಉಳಿದ ಜಾಗದಲ್ಲಿ ಗಿಟಾರ್ ಮಾತಾಡುತ್ತದೆ. ಹತ್ತಿ ಹೊಲದಲ್ಲಿ, ಮರ ಕಡಿಯುವಾಗ ಒಬ್ಬ ಕೂಗಿ ಉಳಿದವರು ಓಗೊಡುತ್ತಿದ್ದ ಕ್ರಮವೇ ಇಲ್ಲಿ ಒಬ್ಬನೇ ಮನುಷ್ಯನ ಬಾಯಿ ಮತ್ತು ಬೆರಳಿನ ನಡುವೆ ನಡೆಯುತ್ತದೆ. ಜನಪದ ಹಾಡುಗಳನ್ನು ಸಂಗ್ರಹಿಸುತ್ತಿದ್ದ ಅಲನ್ ಲೋಮ್ಯಾಕ್ಸ್ 1947-48ರಲ್ಲಿ ಮಿಸಿಸಿಪ್ಪಿಯ ಪಾರ್ಚ್‌ಮನ್ ಜೈಲಿನ ಕೈದಿಗಳ ಹಾಡು ರೆಕಾರ್ಡ್ ಮಾಡಿದ್ದಾನೆ. ಕೊಡಲಿ ಏಟು ಹಾಡಿನ ಒಳಗೇ ಕೇಳಿಸುತ್ತದೆ. ಹಲವರು ಒಂದೇ ಮರಕ್ಕೆ ಕೊಡಲಿ ಬೀಸುವಾಗ ಲಯ ತಪ್ಪಿದರೆ ಯಾರದ್ದೋ ಕಾಲಿಗೆ ಬೀಳುತ್ತದೆ. ಮುಂದೆ ನಿಂತು ಹಾಡುವವನು ಎಲ್ಲರ ವೇಗ ಹಿಡಿಯಬೇಕು, ಸುಸ್ತಾದವನು ಹಿಂದೆ ಬಿದ್ದು ಕಾವಲುಗಾರನ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಬೇಕು. ಇದು ಕಸುಬು.

ಆ ಸ್ವರಗಳ ವಿಷಯವೂ ಅಷ್ಟೇ. ಬ್ಲೂಸಿನ ಗಾಂಧಾರ ಕೋಮಲವೂ ಅಲ್ಲ, ಶುದ್ಧವೂ ಅಲ್ಲ, ನಡುವೆ ಎಲ್ಲೋ ತೂಗಾಡುತ್ತದೆ. ಹಾರ್ಮೋನಿಯಂನಲ್ಲಿ ಗಮಕ ಬಾರದ ಹಾಗೆ ಪಿಯಾನೋದಲ್ಲಿ ಆ ಸ್ವರಕ್ಕೆ ಮನೆಯೇ ಇಲ್ಲ. ಅದಕ್ಕೇ ಗಿಟಾರಿನವರು ತಂತಿ ಎಳೆದರು, ಬಾಟಲಿಯ ಕುತ್ತಿಗೆ ಬೆರಳಿಗೆ ಹಾಕಿ ಜಾರಿಸಿದರು. ಪಿಯಾನೋದವರು ಪಕ್ಕಪಕ್ಕದ ಎರಡು ಮನೆ ಒಟ್ಟಿಗೆ ಒತ್ತಿ ಹತ್ತಿರ ಬಂದರು. ಸುಮಾರು 1903ರಲ್ಲಿ ಮಿಸಿಸಿಪ್ಪಿಯ ಟಟ್‌ವೈಲರ್ ರೈಲು ನಿಲ್ದಾಣದಲ್ಲಿ ಒಬ್ಬ ಗಿಟಾರ್ ತಂತಿ ಮೇಲೆ ಚಾಕು ಜಾರಿಸಿ ನುಡಿಸುತ್ತಿದ್ದುದನ್ನು ಡಬ್ಲ್ಯು. ಸಿ. ಹ್ಯಾಂಡಿ ಕೇಳಿದ. ಹ್ಯಾಂಡಿಯೂ ಕಪ್ಪು ಮನುಷ್ಯನೇ, ನೊಟೇಷನ್ ಬಲ್ಲ ಬ್ಯಾಂಡ್ ಮಾಸ್ಟರ್. ಕೇಳಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಬರೆದು ಅಚ್ಚು ಹಾಕಿಸಿದ. 1912ರ ತನ್ನ ಮೊದಲ ಬ್ಲೂಸಿನ ಹಕ್ಕನ್ನು ಅಗ್ಗಕ್ಕೆ ಮಾರಿಕೊಂಡು ಪೆಟ್ಟು ತಿಂದ ಮೇಲೆ ತನ್ನ ರಚನೆಗಳನ್ನು ಪಾಲುದಾರನ ಜೊತೆ ಸೇರಿ ತಾನೇ ಪ್ರಕಟಿಸತೊಡಗಿದ.

ಈಗ ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ ಕತೆ ಹೇಳಲೇಬೇಕು, ಯಾಕೆಂದರೆ ನನ್ನ ಸಿಟ್ಟೆಲ್ಲ ಅಲ್ಲೇ ಇದೆ. ನಾಲ್ಕು ರಸ್ತೆ ಕೂಡುವಲ್ಲಿ ಮಧ್ಯರಾತ್ರಿ ಸೈತಾನನಿಗೆ ಆತ್ಮ ಮಾರಿ ಗಿಟಾರ್ ವಿದ್ಯೆ ಪಡೆದ ಅಂತ ಎಲ್ಲರಿಗೂ ಗೊತ್ತು. 1936 ಮತ್ತು 1937ರಲ್ಲಿ ಟೆಕ್ಸಸ್‌ನಲ್ಲಿ 29 ಹಾಡು ರೆಕಾರ್ಡ್ ಮಾಡಿ, 1938ರಲ್ಲಿ 27ರ ವಯಸ್ಸಿಗೆ ಸತ್ತವನು. ಮೊದಮೊದಲು ಅವನ ಗಿಟಾರ್ ಕೇಳಿ ಜನ ರೇಗುತ್ತಿದ್ದರು, ಎಲ್ಲೋ ಹೋಗಿ ವಾಪಸ್ ಬಂದಾಗ ಬೆರಗಾದೆವು ಅಂತ ಹಿರಿಯ ಗಾಯಕ ಸನ್ ಹೌಸ್ ಹೇಳಿದ್ದಾನೆ. ನಡುವೆ ಆಗಿದ್ದೇನು? ಐಕ್ ಜಿಮರ್‌ಮನ್ ಅನ್ನುವ ಗುರು ಸಿಕ್ಕಿದ್ದ. ಇಬ್ಬರೂ ರಾತ್ರಿ ಹೊತ್ತು ಸ್ಮಶಾನದಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದರು ಅಂತ ಆ ಗುರುವಿನ ಮನೆಯವರೇ ಹೇಳಿದ್ದಾರೆ. ಅಲ್ಲಿ ಯಾರಿಗೂ ತೊಂದರೆ ಇಲ್ಲವಲ್ಲ! ಗುರು, ಸಾಧನೆ, ನಿದ್ದೆಗೆಟ್ಟ ರಾತ್ರಿಗಳು. ಬಿಳಿಯ ಪಿಯಾನೋ ವಾದಕ ಹೀಗೆ ಮಾಡಿದ್ದರೆ ಅಭ್ಯಾಸ ಅನ್ನುತ್ತಿದ್ದರು. ಇವನಿಗೆ ಮಾತ್ರ ಸೈತಾನ ಬೇಕಾಯಿತು. ಸೈತಾನನ ಕತೆಯೂ ಕಣ್ಣೀರಿನ ಕತೆಯೂ ಒಂದೇ ಕೆಲಸ ಮಾಡುತ್ತವೆ. ಎರಡೂ ಕಸುಬನ್ನು ಕಸುಬುದಾರನ ಕೈಯಿಂದ ಕಿತ್ತು ಬೇರೆಯವರಿಗೆ ಕೊಡುತ್ತವೆ.

ಇನ್ನೊಂದು ಗಮನಿಸಿ. ಬ್ಲೂಸ್ ಅಂದ ತಕ್ಷಣ ಮರದ ಕೆಳಗೆ ಒಂಟಿ ಗಂಡಸು, ಹಳೇ ಗಿಟಾರ್, ಅಲ್ವಾ? ಆದರೆ ರೆಕಾರ್ಡಿನ ಮೊದಲ ತಾರೆಯರು ಹೆಂಗಸರು. 1920ರಲ್ಲಿ ಮೇಮಿ ಸ್ಮಿತ್ ಹಾಡಿದ ‘ಕ್ರೇಜಿ ಬ್ಲೂಸ್’ ಓಕೆ ಅನ್ನುವ ರೆಕಾರ್ಡ್ ಕಂಪನಿಗೆ ಸಿಕ್ಕಾಪಟ್ಟೆ ಮಾರಾಟವಾಯಿತು. ಕಪ್ಪು ಜನರೂ ರೆಕಾರ್ಡ್ ಕೊಳ್ಳುತ್ತಾರೆ ಅಂತ ಕಂಪನಿಗಳಿಗೆ ಆಗ ಹೊಳೆಯಿತು! ಮಾ ರೇನಿ ಅದಕ್ಕೂ ಮೊದಲೇ ಊರೂರು ತಿರುಗುವ ಟೆಂಟ್ ಕಂಪನಿಗಳಲ್ಲಿ ಹೆಸರು ಮಾಡಿದ್ದಳು. ಬಾಯಲ್ಲಿ ಚಿನ್ನದ ಹಲ್ಲು, ಕೊರಳಲ್ಲಿ ಚಿನ್ನದ ನಾಣ್ಯಗಳ ಸರ. 1923ರಿಂದ ಅವಳ ಹಾಡುಗಳನ್ನು ಹೊರತಂದ ಪ್ಯಾರಾಮೌಂಟ್ ಅಸಲಿಗೆ ವಿಸ್ಕಾನ್ಸಿನ್‌ನ ಒಂದು ಕುರ್ಚಿ ಕಂಪನಿಯದು. ಗ್ರಾಮಫೋನ್ ಪೆಟ್ಟಿಗೆ ಮಾಡುತ್ತಿದ್ದರು, ಪೆಟ್ಟಿಗೆಗೆ ರೆಕಾರ್ಡ್ ಬೇಕಲ್ಲ ಅಂತ ರೆಕಾರ್ಡಿಗೆ ಇಳಿದರು. ಈ ಹೆಂಗಸರ ಹಾಡುಗಳಲ್ಲಿ ಅಳು ಇದೆ. ಅದಕ್ಕಿಂತ ಜಾಸ್ತಿ ನಗು, ಪೋಲಿ ಮಾತು, ಕೈಕೊಟ್ಟ ಗಂಡಸಿಗೆ ಬೈಗುಳ ಇದೆ. ಅತ್ತ ಬ್ಲೂಸ್ ಗಾಯಕ ಚಾರ್ಲಿ ಪ್ಯಾಟನ್ ಗಿಟಾರನ್ನು ತಲೆಯ ಹಿಂದೆ ಹಿಡಿದು ನುಡಿಸಿ ಜನರನ್ನು ನಗಿಸುತ್ತಿದ್ದ. ಅವನೇ 1927ರ ಮಿಸಿಸಿಪ್ಪಿ ಪ್ರವಾಹದ ಬಗ್ಗೆ ಊರುಗಳ ಹೆಸರು ಹೇಳಿ ಹಾಡಿದ್ದಾನೆ. ಶನಿವಾರ ರಾತ್ರಿ ದಣಿದ ಜನ ಕುಣಿಯೋಕೆ ಬರುತ್ತಿದ್ದರು. ಅತ್ತರೆ ಯಾರು ದುಡ್ಡು ಕೊಡುತ್ತಾರೆ?

ಜಾಝ್‌ಗೆ ಬಂದರೆ ‘ಸಂಸ್ಕೃತಿಗಳ ಸಂಗಮ’ ಅನ್ನುವ ಮಾತು ಸಿದ್ಧವಾಗಿರುತ್ತದೆ. ಆಫ್ರಿಕಾದ ಲಯ, ಯೂರೋಪಿನ ವಾದ್ಯ, ಎರಡು ನದಿ ಕೂಡಿದವು. ಎಷ್ಟು ಸಲೀಸು! ನಡೆದದ್ದು ಹೀಗೆ. ನ್ಯೂ ಆರ್ಲಿಯನ್ಸ್‌ನಲ್ಲಿ ಮಿಶ್ರ ಮೂಲದ ಕ್ರಿಯೋಲ್ ಜನರಿದ್ದರು. ಫ್ರೆಂಚ್ ಮಾತು, ಒಪೆರಾ ನೋಡುವ ರೂಢಿ, ಗುರುಗಳ ಹತ್ತಿರ ಪಾಠ. ಪಟ್ಟಣದ ಆಚೆ ಕಡೆ, ಕಿವಿಯಿಂದಲೇ ಕಲಿತು ನುಡಿಸುವ ಬಡ ಕಪ್ಪು ಸಂಗೀತಗಾರರು. ಕ್ರಿಯೋಲರಲ್ಲಿ ಹಲವರು ಇವರನ್ನು ಕೀಳಾಗಿ ನೋಡುತ್ತಿದ್ದರು. 1890ರಲ್ಲಿ ಲೂಸಿಯಾನಾ ರೈಲುಗಳಲ್ಲಿ ಬಿಳಿಯರಿಗೆ ಬೇರೆ ಬೋಗಿ ಅಂತ ಕಾನೂನು ಮಾಡಿತು. 1892ರಲ್ಲಿ ಹೋಮರ್ ಪ್ಲೆಸ್ಸಿ ಅನ್ನುವ ಕ್ರಿಯೋಲ್ ಬೇಕಂತಲೇ ಬಿಳಿಯರ ಬೋಗಿಯಲ್ಲಿ ಕೂತು ಬಂಧನಕ್ಕೊಳಗಾದ. 1896ರಲ್ಲಿ ಸುಪ್ರೀಂ ಕೋರ್ಟ್ ಅವನ ವಿರುದ್ಧ ತೀರ್ಪು ಕೊಟ್ಟಿತು. ಚರ್ಮದ ಬಣ್ಣ ಎಷ್ಟೇ ತೆಳುವಿರಲಿ, ಕಾನೂನಿನ ಕಣ್ಣಲ್ಲಿ ಎಲ್ಲರೂ ಒಂದೇ ಬೋಗಿಯವರಾದರು. ಎರಡೂ ಕಡೆಯ ಸಂಗೀತಗಾರರು ಒಂದೇ ಸಣ್ಣ ಮಾರುಕಟ್ಟೆಯಲ್ಲಿ ದುಡಿಯಬೇಕಾಯಿತು. ಓದಿ ನುಡಿಸುವವನು ಕಿವಿಯಿಂದ ಕಲಿತ, ಕಿವಿಯವನು ಓದಲು ಕಲಿತ. ಇದಕ್ಕೆ ಕಾನೂನಿಗೆ ಥ್ಯಾಂಕ್ಸ್ ಹೇಳಬೇಕಾಗಿಲ್ಲ. ಕೀರ್ತಿ ಹೋಗಬೇಕಾದ್ದು ಕಲಿತವರಿಗೆ.

ಆ ಹೊತ್ತಿನ ಕಪ್ಪು ಸಂಗೀತಗಾರರಲ್ಲಿ ದೊಡ್ಡ ಹೆಸರು ಬಡ್ಡಿ ಬೋಲ್ಡನ್. ಅವನ ಕಾರ್ನೆಟ್, ಅಂದರೆ ತುತ್ತೂರಿಯಂಥ ವಾದ್ಯದ ಸದ್ದು ಮೈಲಿಗಟ್ಟಲೆ ಕೇಳುತ್ತಿತ್ತಂತೆ. 1907ರಲ್ಲಿ ಬುದ್ಧಿ ಕದಡಿ ಆಸ್ಪತ್ರೆ ಸೇರಿದವನು 1931ರಲ್ಲಿ ಅಲ್ಲೇ ತೀರಿಕೊಂಡ. ಅವನ ಒಂದೇ ಒಂದು ರೆಕಾರ್ಡೂ ಉಳಿದಿಲ್ಲ. 1917ರಲ್ಲಿ ಮೊದಲ ಜಾಝ್ ರೆಕಾರ್ಡ್ ಬಂದಾಗ ಅದರಲ್ಲಿದ್ದವರು ಐದು ಜನ ಬಿಳಿಯರು. ಅವರ ಮುಂದಾಳು ನಿಕ್ ಲಾರೊಕ್ಕ ಮುಂದೆ, ಜಾಝ್ ಕಟ್ಟಿದವರು ನಾವೇ, ಕಪ್ಪು ಜನರಿಗೂ ಅದಕ್ಕೂ ಸಂಬಂಧವಿಲ್ಲ ಅಂತ ವಾದಿಸಿದ! ನಾಚಿಕೆ ಅನ್ನೋದು ಕೆಲವರಿಗೆ ಇರೋದೇ ಇಲ್ಲ. ಕಪ್ಪು ಕಾರ್ನೆಟ್ ವಾದಕ ಕಿಂಗ್ ಆಲಿವರ್‌ನ ತಂಡ ರೆಕಾರ್ಡ್ ಮಾಡಿದ್ದು 1923ರಲ್ಲಿ, ಇಂಡಿಯಾನಾದ ರಿಚ್‌ಮಂಡ್‌ನಲ್ಲಿ. ಎರಡನೇ ಕಾರ್ನೆಟ್ ಲೂಯಿ ಆರ್ಮ್‌ಸ್ಟ್ರಾಂಗ್‌ದು. ಬಾಲಾಪರಾಧಿಗಳ ಗೃಹದ ಬ್ಯಾಂಡಿನಲ್ಲಿ ಪಾಠ ಆಗಿದ್ದ ಹುಡುಗ. ಅವನ 1928ರ ‘ವೆಸ್ಟ್ ಎಂಡ್ ಬ್ಲೂಸ್’ ಕೇಳಿ. ಶುರುವಿಗೆ ಕಾಲು ನಿಮಿಷವೂ ಇಲ್ಲದ ಒಂಟಿ ತುತ್ತೂರಿ ಇದೆ. ಅದರಲ್ಲಿ ದುಃಖ ಹುಡುಕಿ ನೋಡೋಣ. ನನಗಂತೂ ಕಾಣೋದು ಉಸಿರಿನ ಲೆಕ್ಕ, ತುಟಿಯ ಹಿಡಿತ, ಅದರ ಮೇಲೆ ಒಂದಿಷ್ಟು ಜಂಬ.

ಇದನ್ನೆಲ್ಲ ಯಾಕೆ ಇಷ್ಟು ಉದ್ದಕ್ಕೆ ಬರೆದೆ ಅಂದರೆ, ಕಣ್ಣೀರಿನ ಮಾತಿನ ಹಿಂದೆ ದುಡ್ಡಿನ ಲೆಕ್ಕ ಇದೆ. ಸಂಗೀತ ಒಂದು ಜನಾಂಗದ ನೋವಿನಿಂದ ಉಕ್ಕಿದ್ದಾದರೆ ಅದು ಎಲ್ಲರದ್ದು, ಯಾರು ಬೇಕಾದರೂ ಹೊತ್ತುಕೊಂಡು ಹೋಗಬಹುದು. ಒಬ್ಬ ಮನುಷ್ಯ ಮಾಡಿದ್ದಾದರೆ ಅವನಿಗೆ ದುಡ್ಡು ಕೊಡಬೇಕು. ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್ ಕೊಲಂಬಿಯಾ ರೆಕಾರ್ಡ್ ಕಂಪನಿಗೆ ರಾಶಿ ದುಡ್ಡು ತಂದಳು. ಅವಳಿಗೆ ಸಿಕ್ಕಿದ್ದು ಹಾಡಿಗೆ ಇಷ್ಟು ಅನ್ನುವ ಕೂಲಿ. ರಾಯಲ್ಟಿ, ಅಂದರೆ ಮಾರಾಟದಲ್ಲಿ ಪಾಲು, ಇಲ್ಲ. 1937ರಲ್ಲಿ ಕಾರ್ ಅಪಘಾತದಲ್ಲಿ ಸತ್ತಳು. ಸಮಾಧಿಗೆ ಹೆಸರಿನ ಕಲ್ಲು ಬಿದ್ದದ್ದು 1970ರಲ್ಲಿ, ಅದೂ ಗಾಯಕಿ ಜಾನಿಸ್ ಜಾಪ್ಲಿನ್ ಮತ್ತು ಇನ್ನೊಬ್ಬ ಮಹಿಳೆ ದುಡ್ಡು ಹಾಕಿದ್ದರಿಂದ.

ಎಲ್ಲರೂ ಸುಮ್ಮನಿರಲಿಲ್ಲ. ಮಿಸಿಸಿಪ್ಪಿಯಿಂದ ಷಿಕಾಗೋಗೆ ಹೋಗಿ ಚೆಸ್ ರೆಕಾರ್ಡ್ಸ್ ಕಂಪನಿಗೆ ಹಾಡುಗಳ ಮೇಲೆ ಹಾಡು ಬರೆದ ವಿಲ್ಲಿ ಡಿಕ್ಸನ್, ತನ್ನ ಹಾಡನ್ನು ಎತ್ತಿಕೊಂಡಿದ್ದಾರೆ ಅಂತ ಬ್ರಿಟನ್ನಿನ ರಾಕ್ ತಂಡ ಲೆಡ್ ಝೆಪೆಲಿನ್ ಮೇಲೆ ಕೇಸ್ ಹಾಕಿದ. 1987ರಲ್ಲಿ ಕೋರ್ಟಿನ ಹೊರಗೆ ರಾಜಿಯಾಯಿತು. ಮುಂದಿನ ಮುದ್ರಣಗಳಲ್ಲಿ ಅವನ ಹೆಸರು ಬಂತು. ಡಿಕ್ಸನ್ ಬ್ಲೂಸ್ ಹೆವನ್ ಅನ್ನುವ ಸಂಸ್ಥೆಯನ್ನೂ ಕಟ್ಟಿದ. ಹಳೆಯ ಸಂಗೀತಗಾರರಿಗೆ ಬರಬೇಕಾದ ರಾಯಲ್ಟಿ ಕೊಡಿಸುವುದು, ಹೊಸಬರಿಗೆ ಹಾಡಿನ ಹಕ್ಕಿನ ಬಗ್ಗೆ ತಿಳಿಸಿಕೊಡುವುದು ಅದರ ಕೆಲಸ. ಅವನು ತೀರಿಕೊಂಡ ಮೇಲೆ ಅವನ ಹೆಂಡತಿ ಮೇರಿ ಡಿಕ್ಸನ್ ಚೆಸ್‌ನ ಹಳೆಯ ಸ್ಟುಡಿಯೋ ಕಟ್ಟಡವನ್ನೇ ಕೊಂಡುಕೊಂಡಳು. ಸೌತ್ ಮಿಷಿಗನ್ ಅವೆನ್ಯೂ, ನಂಬರ್ 2120. ಷಿಕಾಗೋ ಕಡೆ ಇರುವ ಗೆಳೆಯರು ಒಮ್ಮೆ ಹೋಗಿ ಬನ್ನಿ.