ಗೆದ್ದವರ ಊರೋ, ಸೋತವರ ಊರೋ?

ಶನಿವಾರಕ್ಕೊಂದು ಸರ್ಕಾರಿ ರಜೆ ಅಂಟಿಕೊಂಡಿತೆಂದರೆ ನಮ್ಮ ಮನೆಯಲ್ಲಿ ಹಂಪಿಯೋ ವಿಜಯಪುರವೋ ಎಂಬ ಚರ್ಚೆ ಶುರು. ರೈಲ್ವೆಯವರಂತೂ ಇದರಲ್ಲಿ ಪೂರ್ತಿ ತಟಸ್ಥರು. ಹಂಪಿ ಎಕ್ಸ್‌ಪ್ರೆಸ್ ಎಂದೊಂದು, ಗೋಲಗುಂಬಜ್ ಎಕ್ಸ್‌ಪ್ರೆಸ್ ಎಂದೊಂದು ಗಾಡಿ ಬಿಟ್ಟು, ಎರಡನ್ನೂ ಬೆಂಗಳೂರಿನ ಮೇಲೇ ಓಡಿಸಿ, ನೀವೇ ಬಡಿದಾಡಿಕೊಳ್ಳಿ ಎಂದು ಕೂತಿದ್ದಾರೆ.

ಬಡಿದಾಟವೇನೂ ಹೊಸದಲ್ಲ ಬಿಡಿ. 1565ರಲ್ಲಿ ವಿಜಯನಗರದ ರಾಮರಾಯನ ಮೇಲೆ ದಂಡೆತ್ತಿ ಹೋಗಿ ಗೆದ್ದ ಸುಲ್ತಾನರಲ್ಲಿ ವಿಜಯಪುರದ ಅಲಿ ಆದಿಲ್‌ಶಾಹನೂ ಒಬ್ಬ. ಅದಕ್ಕೆ ಮೊದಲು ರಾಮರಾಯನ ಮಗ ತೀರಿಕೊಂಡಾಗ ಇದೇ ಅಲಿ ವಿಜಯನಗರಕ್ಕೆ ಬಂದು ಸಮಾಧಾನ ಹೇಳಿದ್ದನಂತೆ, ರಾಮರಾಯನ ಹೆಂಡತಿ ಅವನನ್ನು ಮಗನೆಂದೇ ಕರೆದಳಂತೆ. ಚರಿತ್ರೆಕಾರ ಫೆರಿಷ್ತಾ ಬರೆದಿಟ್ಟ ಮಾತಿದು. ನೆಂಟಸ್ತನ ಗಟ್ಟಿಯಾದ ಕಡೆಯೇ ಜಗಳವೂ ಜೋರು.

ನನ್ನ ಓಟು ವಿಜಯಪುರಕ್ಕೆ. ಹಂಪಿ ಕಡಿಮೆಯೆಂದಲ್ಲ, ಮುಗಿಯುವುದಿಲ್ಲ ಎಂದು. ಬೆಳಿಗ್ಗೆ ವಿರೂಪಾಕ್ಷನ ದರ್ಶನ ಮಾಡಿ, ಹಿಂದಿನ ಕತ್ತಲೆ ಕೋಣೆಯ ಗೋಡೆ ಮೇಲೆ ಗೋಪುರ ತಲೆಕೆಳಗಾಗಿ ಬಿದ್ದಿರುವುದನ್ನು ನೋಡಿ, ಹೇಮಕೂಟ ಹತ್ತಿ ಇಳಿಯುವ ಹೊತ್ತಿಗೆ ಬಂಡೆಗಳು ಕಾದು ಕೂತಿರುತ್ತವೆ. ವಿಠ್ಠಲ ದೇವಸ್ಥಾನ, ಮಹಾನವಮಿ ದಿಬ್ಬ, ಕಮಲ ಮಹಲು, ಗಜಶಾಲೆ ಎಲ್ಲ ಇನ್ನೂ ಬಾಕಿ. ಕಾಲೆಳೆದುಕೊಂಡು ಅಷ್ಟೂ ಮುಗಿಸಿ ಊರಿಗೆ ಬಂದರೆ ಪಕ್ಕದ ಮನೆಯವರು, "ಅಯ್ಯೋ, ಆನೆಗೊಂದಿಗೆ ಹೋಗ್ಲಿಲ್ವಾ?" ಎಂದು ಒಂದೇ ಮಾತಿನಲ್ಲಿ ಪ್ರವಾಸವನ್ನೆಲ್ಲ ನೀರಿಗೆ ಹಾಕುತ್ತಾರೆ.

ವಿಜಯಪುರ ಹಾಗಲ್ಲ. ಅಲ್ಲಿ ಚರಿತ್ರೆಯನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಆಟೋಗೆ ಅಡ್ಡ ಬರುತ್ತದೆ. ಬಾರಾಕಮಾನಿನ ಕಮಾನುಗಳು ಚಾವಣಿಯಿಲ್ಲದೆ ಊರ ನಡುವೆಯೇ ನಿಂತಿವೆ. ಎರಡನೇ ಅಲಿ ತನ್ನ ಗೋರಿಗೆಂದು ಕಟ್ಟಿಸಲು ಹೊರಟು ಅರ್ಧಕ್ಕೇ ನಿಂತ ಕೆಲಸವದು. ಸೈಟು ಕೊಂಡು ತಳಪಾಯದಲ್ಲೇ ನಿಂತಿರುವ ನನ್ನಂಥವರಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರೆಲ್ಲೂ ಸಿಗದು. ಇಬ್ರಾಹಿಂ ರೋಜಾ ಇನ್ನೊಂದು ಬಗೆ. ಅಲ್ಲಿ ಮಲಗಿರುವ ಎರಡನೇ ಇಬ್ರಾಹಿಂ ಸುಲ್ತಾನನಾಗಿದ್ದೂ ಸರಸ್ವತಿಯನ್ನು ನೆನೆದು ಹಾಡು ಕಟ್ಟಿದವನು. ಹೊರಗಿನ ಮೊಳಗಟ್ಟಲೆ ಕೆತ್ತನೆಯ ಮುಂದೆ ಯಾರಿಗೂ ಅವಸರವಾಗುವುದಿಲ್ಲ.

ಗೋಲಗುಂಬಜಿನದೇ ಕಥೆ ಬೇರೆ. ಮೂಲೆಯ ಮಿನಾರಿನೊಳಗಿನ ಇಕ್ಕಟ್ಟು ಮೆಟ್ಟಿಲು, ಏಳು ಅಂತಸ್ತು. ಮೇಲಿನಿಂದ ಇಳಿಯುವವರಿಗೆ ಗೋಡೆಗೊರಗಿ ದಾರಿ ಬಿಡುವ ನೆಪದಲ್ಲಿ ಎಲ್ಲರೂ ಉಸಿರು ತೆಗೆದುಕೊಳ್ಳುತ್ತಾರೆ. ಪಿಸುಗುಟ್ಟಿದರೆ ಸುಮಾರು 37 ಮೀಟರ್ ಆಚೆಯ ಗೋಡೆಗೆ ಕಿವಿಯಿಟ್ಟವರಿಗೆ ಕೇಳುತ್ತದೆಂದು ಕೀರ್ತಿ ಪಡೆದ ಮೊಗಸಾಲೆಯಲ್ಲಿ ಪಿಸುಗುಟ್ಟುವವರು ಮಾತ್ರ ಒಬ್ಬರೂ ಇಲ್ಲ. ಪ್ರವಾಸಕ್ಕೆ ಬಂದ ಶಾಲೆ ಮಕ್ಕಳು "ಹೋ" ಎನ್ನುತ್ತಾರೆ, ಮೇಷ್ಟ್ರು "ಸುಮ್ಮನಿರ್ರೋ" ಎನ್ನುತ್ತಾರೆ, ಎರಡೂ ಕೂಡಿ ಏಳೆಂಟು ಸಲ ಸುತ್ತಿ ಬರುತ್ತವೆ. 1656ರ ಸುಮಾರಿಗೆ ಕೆಲಸ ಮುಗಿಸಿಕೊಂಡು ಒಳಗೆ ಮಲಗಿದ ಮಹಮದ್ ಆದಿಲ್‌ಶಾಹನಿಗೆ ಅಂದಿನಿಂದ ನಿದ್ದೆ ಹೇಗೆ ಬಂದಿದೆಯೋ.

ಕೆಳಗಿಳಿದು ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಎಂದದ್ದೇ ಹಂಪಿ ಪಕ್ಷದ ಮನೆಯವರೂ ಸ್ವಲ್ಪ ಮೆತ್ತಗಾದರು. ಅವರ ಷರತ್ತು ಒಂದೇ: ಮುಂದಿನ ಸಲ ಹಂಪಿಗೆ, ಅದೂ ನಾಲ್ಕು ದಿನಕ್ಕೆ, ಆನೆಗೊಂದಿಯೂ ಸೇರಿ.