ಆನೆಗೆ ಕಾಲರ್, ಮೇಷ್ಟ್ರಿಗೆ ಲಿಂಕ್

ನಾನು ಗಣಿತದ ಮೇಷ್ಟ್ರು. ಬೋರ್ಡಿನ ಮೇಲೆ ಕೈವಾರವಿಲ್ಲದೆ ವೃತ್ತ ಬರೆದರೂ ದುಂಡಗೆ ಬರುತ್ತದೆ. ಅದೇ ನನಗೆ ಮುಳುವಾಯಿತು. ಜೂನ್‌ನಲ್ಲಿ ಶಾಲೆ ಶುರುವಾದ ವಾರವೇ ಹೆಡ್‌ಮಾಸ್ಟರು ಕರೆದು, "ನಿಮ್ಮ ಕೈ ಚೆನ್ನಾಗಿದೆ ಮೇಷ್ಟ್ರೇ, ಡ್ರಾಯಿಂಗೂ ನೀವೇ ನೋಡಿಕೊಳ್ಳಿ" ಎಂದರು. ನಮ್ಮಲ್ಲಿ ಡ್ರಾಯಿಂಗ್ ಮೇಷ್ಟ್ರ ಕುರ್ಚಿ ಖಾಲಿಯಾಗಿ ಬಹಳ ವರ್ಷವಾಯಿತು. ಪೂರ್ತಿ ಖಾಲಿ ಅಂತಲೂ ಹೇಳುವ ಹಾಗಿಲ್ಲ, ಈಗ ಅದರ ಮೇಲೆ ಬಿಸಿಯೂಟದ ಅಕ್ಕಿ ಮೂಟೆ ಕೂತಿದೆ.

"ನನಗೆ ಚಿತ್ರ ಬರಲ್ಲ ಸಾರ್" ಎಂದೆ.

"ಬರೋದೇನೂ ಬೇಡ. ಆನ್‌ಲೈನ್‌ನಲ್ಲಿ ಎಲ್ಲಾ ಇದೆಯಂತೆ. ನೀವು ಲಿಂಕ್ ಒತ್ತಿ, ಫೋಟೋ ಹಾಕಿದರೆ ಆಯ್ತು."

ಹೀಗೆ ನಾನು ಕಲೆಯ ನೋಡಲ್ ಶಿಕ್ಷಕನಾದೆ. ನೋಡಲ್ ಅಂದರೆ ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನೋಡಲು ಮಾತ್ರ ಇರುವವನು ಅಂತಿರಬೇಕು.

ನಮ್ಮ ಶಾಲೆ ಇರುವುದು ಆಲೂರಿಗೂ ಸಕಲೇಶಪುರಕ್ಕೂ ನಡುವೆ. ಮೂರು ಕಡೆ ಕಾಫಿ ತೋಟ, ಒಂದು ಕಡೆ ಗದ್ದೆ. ನೆಟ್‌ವರ್ಕ್ ಸಿಗುವುದು ಒಂದೇ ಜಾಗದಲ್ಲಿ, ಶಾಲೆಯ ಹಿಂದಿನ ಹಲಸಿನ ಮರದ ಕೆಳಗೆ. ಅಲ್ಲೂ ಮರದ ಬುಡಕ್ಕೆ ಬೆನ್ನು ಕೊಟ್ಟು, ಫೋನನ್ನು ತಲೆಯ ಮೇಲೆ ಹಿಡಿದು ನಿಲ್ಲಬೇಕು. ಮೊದಲ ಪಾಠದ ವಿಡಿಯೋ ಇಳಿಸಿಕೊಳ್ಳಲು ಎರಡು ಪೀರಿಯಡ್ ಹಾಗೆ ನಿಂತಿದ್ದೆ. ದಾರಿಯಲ್ಲಿ ಹೋಗುತ್ತಿದ್ದ ತೋಟದ ರೈಟರು, "ಏನ್ ಮೇಷ್ಟ್ರೇ, ಹರಕೆಯಾ?" ಎಂದು ಕೇಳಿದರು.

ಪಾಠದ ಹೆಸರು 'ಮನೆಯಲ್ಲೇ ಸಿಗುವ ವಸ್ತುಗಳಿಂದ ಕಲೆ'. ಸಂತೋಷವಾಯಿತು. ನಮ್ಮ ಮಕ್ಕಳ ಮನೆಯಲ್ಲಿ ಏನಿಲ್ಲ? ಇದ್ದಿಲು ಇದೆ, ಕೆಮ್ಮಣ್ಣಿದೆ, ಬಾಳೆ ದಿಂಡಿದೆ. ಅರಿಶಿನಕ್ಕೆ ಸುಣ್ಣ ಕಲಸಿದರೆ ಕೆಂಪು, ಬಸಳೆ ಹಣ್ಣು ಹಿಂಡಿದರೆ ನೇರಳೆ, ಕಾಫಿ ಡಿಕಾಕ್ಷನ್ ಗಟ್ಟಿಯಾಗಿ ಇಳಿಸಿದರೆ ಒಳ್ಳೆಯ ಕಂದು. ವಿಡಿಯೋ ಶುರುವಾಯಿತು. ಬೇಕಾಗುವ ಸಾಮಾನು: ಖಾಲಿಯಾದ ಟಾಯ್ಲೆಟ್ ಪೇಪರ್‌ನ ರಟ್ಟಿನ ಕೊಳವೆ ಎರಡು, ಪಿಸ್ತಾ ಸಿಪ್ಪೆ ಒಂದು ಹಿಡಿ, ಗ್ಲೂ ಗನ್ ಒಂದು.

ಮಕ್ಕಳಿಗೆ ಹೇಗೆ ಹೇಳಲಿ? "ನಾಳೆ ಎಲ್ಲರೂ ಒಂದೊಂದು ಕೊಳವೆ ತನ್ನಿ" ಎಂದಷ್ಟೇ ಹೇಳಿದೆ. ಮರುದಿನ ನಲವತ್ತು ಮಕ್ಕಳು ನಲವತ್ತು ಪರಂಗಿ ದಂಟು ಹಿಡಿದು ಬಂದರು. ಪರಂಗಿ ದಂಟನ್ನು ಯಾವ ಕಡೆ ಸೀಳಿದರೆ ಪೀಪಿಯಾಗುತ್ತದೆ ಎಂದು ಮಲೆನಾಡಿನ ಮಕ್ಕಳಿಗೆ ಯಾರೂ ವಿಡಿಯೋ ಮಾಡಿ ಹೇಳಿಕೊಡಬೇಕಿಲ್ಲ. ಅವತ್ತಿನ ಕಲಾ ತರಗತಿ ಸಂಗೀತ ತರಗತಿಯಾಯಿತು. ಪಕ್ಕದ ಕೋಣೆಯ ಇಂಗ್ಲಿಷ್ ಮಿಸ್ ಎರಡು ಸಲ ಬಂದು ಬಾಗಿಲಲ್ಲಿ ನಿಂತು ಹೋದರು.

ಲಿಂಕುಗಳೆಲ್ಲ ಕೆಟ್ಟವು ಅಂತ ಹೇಳಿದರೆ ಸುಳ್ಳಾಗುತ್ತದೆ. ಕೇಂದ್ರದ ದೀಕ್ಷಾ ವೇದಿಕೆ 2017ರಲ್ಲಿ ಬಂದಾಗಿನಿಂದ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಎಷ್ಟೋ ಪಾಠ ನೋಡಿದ್ದೇನೆ. ನೆರಳು ಬೆಳಕು ಹಾಕುವುದನ್ನು ನಾನು ಕಲಿತದ್ದೂ ರಾತ್ರಿ ಊಟವಾದ ಮೇಲೆ ಫೋನ್ ನೋಡಿಯೇ. ಬೆಂಡೆಕಾಯಿ ಕತ್ತರಿಸಿ ಹೂವಿನ ಅಚ್ಚು ಒತ್ತುವುದನ್ನು ಯಾರೋ ಮೇಡಂ ಎಷ್ಟು ಚೆನ್ನಾಗಿ ತೋರಿಸಿದ್ದರು ಅಂದರೆ, ನಮ್ಮ ಮನೆಯಲ್ಲಿ ಒಂದು ವಾರ ಬೆಂಡೆಕಾಯಿ ಪಲ್ಯ ಆಗಲಿಲ್ಲ. ಕಲೆ ಬೇರೆಯಲ್ಲ, ಪಾಠ ಬೇರೆಯಲ್ಲ, ಎರಡನ್ನೂ ಸೇರಿಸಿ ಕಲಿಸಿ ಎಂದು 2020ರ ಶಿಕ್ಷಣ ನೀತಿಯೂ ಹೇಳುತ್ತದೆ. ಒಳ್ಳೆಯ ಮಾತೇ. ನಮ್ಮಲ್ಲಿ ಕಲೆಗೆ ಸೇರಿಕೊಂಡದ್ದು ಮಾತ್ರ ಜಿಪಿಎಸ್ ಫೋಟೋ.

ಸರ್ಕಾರಿ ಕೆಲಸದಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಫೋಟೋ ತೆಗೆದರೆ ಕೆಳಗೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಪುಟ್ಟ ನಕ್ಷೆ, ಊರು, ಅಕ್ಷಾಂಶ, ರೇಖಾಂಶ, ತಾರೀಕು, ಗಂಟೆ, ನಿಮಿಷ. ಮಕ್ಕಳು ಚಿತ್ರವನ್ನು ಎದೆಯ ಮುಂದೆ ಹಿಡಿದು ನಿಲ್ಲುತ್ತಾರೆ, ಈ ಪಟ್ಟಿ ಬಂದು ಸರಿಯಾಗಿ ಚಿತ್ರದ ಮೇಲೇ ಕೂರುತ್ತದೆ. ಪರವಾಗಿಲ್ಲ, ಚಿತ್ರ ಕಾಣದಿದ್ದರೂ ನಡೆಯುತ್ತದೆ. ಮೇಷ್ಟ್ರು ಕಾಣಬೇಕು. ಬ್ಯಾನರ್ ಕಾಣಬೇಕು. ಬ್ಯಾನರ್ ಇಲ್ಲದ ಫೋಟೋ ಒಂದು ಸಲ ವಾಪಸ್ ಬಂದ ಮೇಲೆ ಹಾಸನದಿಂದ ಫ್ಲೆಕ್ಸ್ ಮಾಡಿಸಿ ತಂದೆವು, 450 ರೂಪಾಯಿ. ಆ ವರ್ಷ ಬಣ್ಣಕ್ಕೆಂದು ಬಂದ ಹಣ ಸೊನ್ನೆ. ಇವೆರಡರ ಅನುಪಾತ ಬರೆಯಿರಿ ಎಂದು ಏಳನೇ ಕ್ಲಾಸಿಗೆ ಲೆಕ್ಕ ಕೊಡೋಣ ಅಂದುಕೊಂಡೆ. ಸೊನ್ನೆಯಿಂದ ಭಾಗಿಸಲು ಬರುವುದಿಲ್ಲವಲ್ಲ, ಬಿಟ್ಟೆ.

ಆಮೇಲೆ ಬಂತು ನೋಡಿ ಆನೆಯ ಪಾಠ. 'ಆರು ಹಂತಗಳಲ್ಲಿ ಆನೆ'. ಒಂದು ದೊಡ್ಡ ಸೊನ್ನೆ, ಪಕ್ಕಕ್ಕೆ ಒಂದು ಚಿಕ್ಕ ಸೊನ್ನೆ, ಎರಡು ಎಲೆಯಂಥ ಕಿವಿ, ಪೈಪಿನಂಥ ಸೊಂಡಿಲು, ನಾಲ್ಕು ಕಂಬ. ಆರನೇ ಹಂತದಲ್ಲಿ ರೆಪ್ಪೆಗೂದಲು, ನಗು ಮತ್ತು ಸೊಂಡಿಲಿಗೆ ಒಂದು ಬಲೂನು. ಮೈಗೆ ಆಕಾಶನೀಲಿ ಬಣ್ಣ.

ಇದನ್ನು ಯಾರಿಗೆ ಕಲಿಸಬೇಕು? ರಾತ್ರಿ ಬೈನೆ ಮರ ಮುರಿಯುವ ಸದ್ದು ಕೇಳಿಯೇ ಒಂಟಿ ಸಲಗವೋ ಗುಂಪೋ ಎಂದು ಹೇಳುವ ಮಕ್ಕಳಿಗೆ. ಇಲ್ಲಿ ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆಯಿಂದ ಫೋನಿಗೆ ಮೆಸೇಜ್ ಬರುತ್ತದೆ. ಬೆಳಿಗ್ಗೆ ತೋಟಕ್ಕೆ ಆಳುಗಳನ್ನು ಕಳಿಸುವ ಮೊದಲು ಜನ ಅದನ್ನೇ ನೋಡುವುದು.

ಮಕ್ಕಳು ಆರು ಹಂತವನ್ನೂ ಶ್ರದ್ಧೆಯಿಂದ ನೋಡಿದರು. ನೋಡಿ, ತಮಗೆ ಗೊತ್ತಿದ್ದ ಆನೆಯನ್ನೇ ಬರೆದರು. ಒಬ್ಬನ ಆನೆ ಗದ್ದೆಯಲ್ಲಿ ನಿಂತಿತ್ತು. ಹೊಟ್ಟೆಯವರೆಗೆ ಕೆಸರು, ಬೆನ್ನ ಮೇಲೆ ಒಣ ಮಣ್ಣು. ಎರಡಕ್ಕೂ ಬೇರೆ ಬೇರೆ ಕಂದು. ಇನ್ನೊಬ್ಬನದು ಮುರಿದ ಬೇಲಿಯ ಮೇಲೆ ಕಾಲಿಟ್ಟು ಹಲಸಿನ ಹಣ್ಣು ತಿನ್ನುತ್ತಿತ್ತು, ದೂರದಲ್ಲಿ ಪಟಾಕಿ ಹಿಡಿದ ಗಾರ್ಡು. ಕೊನೆಯ ಬೆಂಚಿನ ಹುಡುಗಿಯೊಬ್ಬಳ ಆನೆಯ ಕುತ್ತಿಗೆಗೆ ದಪ್ಪ ಪಟ್ಟಿಯಿತ್ತು, ಪಟ್ಟಿಯ ಮೇಲೊಂದು ಡಬ್ಬಿ.

"ಇದೇನಮ್ಮ, ಸರವಾ?"

ಅವಳು ನನ್ನನ್ನು ಕರುಣೆಯಿಂದ ನೋಡಿದಳು. "ರೇಡಿಯೋ ಕಾಲರ್ ಸಾ. ಇದು ಗುಂಪಿನ ಯಜಮಾನಿ. ಇದಕ್ಕೆ ಹಾಕಿದ್ರೆ ಇಡೀ ಗುಂಪು ಎಲ್ಲಿದೆ ಅಂತ ಗೊತ್ತಾಗುತ್ತೆ."

ಒಬ್ಬ ಹುಡುಗ ಮಾತ್ರ ಅಂಬಾರಿ ಬರೆದಿದ್ದ. ಆನೆಯ ಮುಖದಲ್ಲಿ ನಗುವಿರಲಿಲ್ಲ. ಅವನ ಅಕ್ಷರದಲ್ಲೇ ಕೆಳಗೆ 'ಅರ್ಜುನ' ಎಂದಿತ್ತು. 2023ರ ಡಿಸೆಂಬರ್‌ನಲ್ಲಿ ಇಲ್ಲೇ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸಲಗವೊಂದರ ಜೊತೆ ಕಾದಾಡಿ ಸತ್ತ ದಸರಾ ಆನೆ. ನಾನು ಏನೂ ಕೇಳಲಿಲ್ಲ.

ಎಲ್ಲ ಚಿತ್ರಗಳನ್ನೂ ಹಲಸಿನ ಮರದ ಕೆಳಗೆ ನಿಂತು ಅಪ್‌ಲೋಡ್ ಮಾಡಿದೆ. ನಾಲ್ಕು ದಿನಕ್ಕೆ ಷರಾ ಬಂತು. 'ಮಾದರಿಯಂತೆ ಇಲ್ಲ. ಬಣ್ಣ ತಪ್ಪು. ಬಲೂನು ಇಲ್ಲ. ಒಂದು ಚಿತ್ರದಲ್ಲಿ ಕುತ್ತಿಗೆ ಬಳಿ ಅನಗತ್ಯ ವಸ್ತು. ಒಂದರಲ್ಲಿ ನಗುಮುಖ ಕಾಣುತ್ತಿಲ್ಲ. ಮತ್ತೆ ಅಪ್‌ಲೋಡ್ ಮಾಡಿ.'

ಆ ಹುಡುಗಿಗೆ ಷರಾ ಓದಿ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಬಲೂನು ಕೊಟ್ರೆ ಒಡೆದೋಗುತ್ತೆ ಸಾ, ಆಮೇಲೆ ಆನೆ ಅಟ್ಟಿಸ್ಕೊಂಡು ಬರುತ್ತೆ" ಎಂದಳು. ಈ ತಾಂತ್ರಿಕ ಕಾರಣವನ್ನು ಬರೆಯಲು ಫಾರಂನಲ್ಲಿ ಜಾಗವಿರಲಿಲ್ಲ.

ಮುಂದಿನ ತಿಂಗಳು ಬೇಲೂರಿನ ಸರದಿ. ಬೇಲೂರು ಇರುವುದು ನಮ್ಮದೇ ಜಿಲ್ಲೆಯಲ್ಲಿ, ಬಸ್ಸು ಹತ್ತಿದರೆ ಮಧ್ಯಾಹ್ನದ ಊಟದೊಳಗೆ ಮುಟ್ಟಬಹುದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ಪಟ್ಟಿಗೂ ಸೇರಿದವು. ಮಕ್ಕಳನ್ನು ಕರೆದುಕೊಂಡು ಹೋಗಲೇ ಎಂದು ಕೇಳಿದೆ. ಅನುಮತಿ, ವಿಮೆ, ಪೋಷಕರ ಒಪ್ಪಿಗೆ ಪತ್ರ ಮೂರು ಪ್ರತಿ, ಅದೆಲ್ಲ ಯಾಕೆ, ವರ್ಚುವಲ್ ಪ್ರವಾಸ ಮಾಡಿಸಿ ಎಂದು ಉತ್ತರ ಬಂತು. ಅಮೆರಿಕದವರು ವಿಮಾನ ಹತ್ತಿ ಬಂದು ಕಣ್ಣಾರೆ ನೋಡುವ ಗುಡಿಯನ್ನು ಹಾಸನ ಜಿಲ್ಲೆಯ ನಲವತ್ತು ಮಕ್ಕಳು ಆರೂವರೆ ಇಂಚಿನ ಫೋನಿನಲ್ಲಿ ನೋಡಿದರು. ಮುಂದಿನ ಸಾಲಿನ ಮೂವರು ಗುಡಿ ನೋಡಿದರು, ಉಳಿದವರು ಆ ಮೂವರ ತಲೆ ನೋಡಿದರು.

ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಚೆನ್ನಕೇಶವ ಗುಡಿಯ ಗೋಡೆಯ ಕೆಳಸಾಲಿನಲ್ಲಿ 600ಕ್ಕೂ ಹೆಚ್ಚು ಆನೆಗಳಿವೆ. ಒಂದರಂತೆ ಒಂದಿಲ್ಲ ಎನ್ನುತ್ತಾರೆ. ನಮ್ಮ ಷರಾ ಬರೆಯುವವರ ಕೈಗೆ ಸಿಕ್ಕಿದ್ದರೆ ಅಷ್ಟೂ ಆನೆ 'ಮಾದರಿಯಂತೆ ಇಲ್ಲ' ಎಂದು ವಾಪಸ್ ಬರುತ್ತಿದ್ದವು. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ಮದನಿಕೆಯರ ಕೆಳಗೆ ತಮ್ಮ ಹೆಸರು ಕೆತ್ತಿ ಹೋಗಿದ್ದಾರೆ. ಪುಣ್ಯಕ್ಕೆ ಅಕ್ಷಾಂಶ ರೇಖಾಂಶ ಕೆತ್ತಲಿಲ್ಲ.

ಗುಡಿ ಕಟ್ಟಿದ್ದು ಬಳಪದ ಕಲ್ಲಿನಲ್ಲಿ ಎಂದು ಹೇಳಿದಾಗ ಮಕ್ಕಳು ನಂಬಲಿಲ್ಲ. "ಸ್ಲೇಟಿನ ಬಳಪನಾ ಸಾ?" ಹೂಂ, ಅಂಥದ್ದೇ ಮೆದು ಕಲ್ಲು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ ಎಂದೆ. ಅಷ್ಟು ಸಾಕಾಯಿತು. ಮರುದಿನ ಆ ಕಾಲರ್ ಹುಡುಗಿ ಕಡ್ಡಿ ಬಳಪದ ತುದಿಯಲ್ಲಿ ಕೈವಾರದ ಮುಳ್ಳಿನಿಂದ ಆನೆ ಕೆತ್ತಿಕೊಂಡು ಬಂದಿದ್ದಳು. ಹುಣಸೆ ಬೀಜದಷ್ಟಿತ್ತು. ಸೊಂಡಿಲು ಎರಡು ಸಲ ಮುರಿದಿದ್ದಕ್ಕೆ ಹೊಟ್ಟೆಗೇ ಅಂಟಿಸಿ ಕೆತ್ತಿದ್ದಳು. ಕುತ್ತಿಗೆಯ ಸುತ್ತ ಒಂದು ಸಣ್ಣ ಗೀರು, ಅದು ಕಾಲರ್. ಅಪ್‌ಲೋಡ್ ಮಾಡಲು ಹೋದೆ. ಕಲಾ ಪ್ರಕಾರ ಆಯ್ಕೆ ಮಾಡಿ ಎಂದಿತು. ಪೇಪರ್ ಕ್ರಾಫ್ಟ್, ಡಿಜಿಟಲ್ ಆರ್ಟ್, ಇತರೆ. 'ಇತರೆ' ಒತ್ತಿದರೆ ಅದು ಮುಂದಕ್ಕೇ ಹೋಗಲಿಲ್ಲ. ಹಲಸಿನ ಮರದ ಕೆಳಗೆ ಅರ್ಧ ಗಂಟೆ ನಿಂತು, ಆನೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ವಾಪಸ್ ಬಂದೆ.

ಕಳೆದ ಶನಿವಾರ ಬೆಳಿಗ್ಗೆ ಎಂಟೂವರೆಗೆ ಆನೆ ಮೆಸೇಜ್ ಬಂತು. ಗುಂಪು ಶಾಲೆಯ ಹಿಂದಿನ ತೋಟದಲ್ಲೇ ಇದೆ. ಮಕ್ಕಳನ್ನೆಲ್ಲ ಒಂದೇ ಕೋಣೆಗೆ ಸೇರಿಸಿ ಬಾಗಿಲು ಹಾಕಿದೆವು. ಯಾರೂ ಹೇಳದಿದ್ದರೂ ಹುಡುಗರು ಪುಸ್ತಕ ತೆಗೆದು ಕಿಟಕಿಯ ಸರಳಿಗೆ ಒತ್ತಿ ಹಿಡಿದು ಬರೆಯುತ್ತಿದ್ದರು. ಹಲಸಿನ ಮರದ ಕೆಳಗೆ, ಸರಿಯಾಗಿ ನಾನು ದಿನಾ ನಿಲ್ಲುವ ಜಾಗದಲ್ಲಿ, ಯಜಮಾನಿ ನಿಂತಿದ್ದಳು. ಕುತ್ತಿಗೆಯಲ್ಲಿ ಕಾಲರ್. ಪೂರ್ತಿ ನೆಟ್‌ವರ್ಕ್ ಅವಳಿಗೇ ಸಿಕ್ಕಿರಬೇಕು.

ಅಷ್ಟು ಹೊತ್ತಿಗೆ ನನ್ನ ಫೋನಿಗೂ ಎಲ್ಲಿಂದಲೋ ಒಂದು ಕಡ್ಡಿ ಸಿಗ್ನಲ್ ಬಂದು ಗ್ರೂಪಿನ ಮೆಸೇಜ್ ಬಿತ್ತು. 'ನಿಮ್ಮ ಶಾಲೆಯ ಇಂದಿನ ಕಲಾ ಚಟುವಟಿಕೆ ಇನ್ನೂ ಬಂದಿಲ್ಲ. ಕೂಡಲೇ ಹಾಕಿ.'

'ಶಾಲೆ ಹಿಂದೆ ಆನೆ ಬಂದಿದೆ ಸಾರ್, ಹೊರಗೆ ಹೋಗುವಂತಿಲ್ಲ' ಎಂದು ಬರೆದೆ.

ಎರಡೇ ನಿಮಿಷಕ್ಕೆ ಉತ್ತರ ಬಂತು. 'ಜಿಪಿಎಸ್ ಫೋಟೋ ಹಾಕಿ. ಬ್ಯಾನರ್ ಸಮೇತ.'