ಸ್ಟಾಫ್ ರೂಮಿನ ಹೊಸ್ತಿಲು

ಮೊದಲ ಪ್ರಬಂಧ ತಿದ್ದಿ ವಾಪಸ್ ಬಂದಿತ್ತು. ಕೊನೆಯ ಪುಟದ ತಳದಲ್ಲಿ ‘ಸೀ ಮಿ’ ಅಂತ ಎರಡೇ ಪದ. ಸಾಗರದ ಕಡೆಯ ಹುಡುಗಿ. ಅಮೆರಿಕದಲ್ಲಿ ಜೋಳದ ಹೊಲಗಳ ನಡುವಿನ ಸಣ್ಣ ಊರೊಂದರ ಲಿಬರಲ್ ಆರ್ಟ್ಸ್ ಕಾಲೇಜಿಗೆ (ಒಂದೇ ವಿಷಯಕ್ಕೆ ಕಟ್ಟಿಹಾಕದೆ ಹಲವು ವಿಷಯ ಓದಿಸುವ ಪದವಿ ಕಾಲೇಜು) ಬಂದು ಆಗಿನ್ನೂ ನಾಲ್ಕನೇ ವಾರ. ಆ ಎರಡು ಪದ ಓದಿದವಳು ಐದು ದಿನ ಆ ಕಟ್ಟಡದ ಕಡೆ ತಲೆ ಹಾಕಲಿಲ್ಲ. ಅವಳ ತಪ್ಪೇನು? ನಮ್ಮಲ್ಲಿ ‘ಸ್ಟಾಫ್ ರೂಮಿಗೆ ಬಂದು ಕಾಣು’ ಅಂದರೆ ಅಟೆಂಡೆನ್ಸ್ ಶಾರ್ಟೇಜ್ ಇರಬೇಕು, ಇಲ್ಲವೇ ಯಾರೋ ಚಾಡಿ ಹೇಳಿರಬೇಕು. ಆರನೇ ದಿನ ಹೋದರೆ ಪ್ರೊಫೆಸರ್ ಕುರ್ಚಿ ತೋರಿಸಿ, ಮೂರನೇ ಪುಟದಲ್ಲಿ ಒಳ್ಳೆಯ ಮಾತೊಂದು ಅರ್ಧಕ್ಕೇ ನಿಂತಿದೆಯಲ್ಲ, ಅದರ ಮುಂದೆ ಏನಿತ್ತು ಅಂತ ಕೇಳಿದರಂತೆ. ಕೇಳಿ, ಸುಮ್ಮನೆ ಕೂತರಂತೆ. ಅವಳಿಗೆ ಅಳು ಬಂದದ್ದು ಆಗ.

ಆ ಸುಮ್ಮನೆ ಕೂರುವುದು ನಮ್ಮ ಮೇಷ್ಟ್ರುಗಳಿಗೆ ಯಾಕೆ ಬರಲಿಲ್ಲ ಅನ್ನುವುದೇ ನನ್ನ ತಕರಾರು.

ಲಿಬರಲ್ ಆರ್ಟ್ಸ್ ಕಾಲೇಜು ಅಂದ ಕೂಡಲೇ ನಮ್ಮವರ ಕಿವಿಗೆ ಬೀಳುವುದು ಆರ್ಟ್ಸ್ ಎಂಬ ಪದ ಮಾತ್ರ. ‘ಯಾಕೆ, ಪಿಯುಸಿಯಲ್ಲಿ ಮಾರ್ಕ್ಸ್ ಕಮ್ಮಿ ಬಂತಾ?’ ಎಂಬ ಪ್ರಶ್ನೆ ಬೆನ್ನಿಗೇ ಬರುತ್ತದೆ. ‘ಉದಾರ ಕಲೆ’ ಅಂತ ಕನ್ನಡ ಮಾಡಿದರೆ ಅನ್ನಸಂತರ್ಪಣೆಯ ಹಾಗೆ ಕೇಳಿಸುತ್ತದೆ. ಅಸಲಿಗೆ ಇಲ್ಲಿ ಫಿಸಿಕ್ಸ್, ಗಣಿತ, ಕಂಪ್ಯೂಟರ್ ಸೈನ್ಸ್ ಎಲ್ಲ ಇವೆ. ಇಂಟೆಲ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ರಾಬರ್ಟ್ ನಾಯ್ಸ್ 1949ರಲ್ಲಿ ಪದವಿ ಪಡೆದದ್ದು ಅಯೋವಾ ರಾಜ್ಯದ ಗ್ರಿನೆಲ್ ಎಂಬ ಇಂಥದೇ ಸಣ್ಣ ಊರಿನ ಕಾಲೇಜಿನಲ್ಲಿ. ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾಲಯದಿಂದ ತರಿಸಿದ್ದ ಮೊದಮೊದಲ ಟ್ರಾನ್ಸಿಸ್ಟರುಗಳನ್ನು ಅವರ ಕೈಗಿಟ್ಟವರು ಅಲ್ಲಿನ ಫಿಸಿಕ್ಸ್ ಮೇಷ್ಟ್ರು ಗ್ರಾಂಟ್ ಗೇಲ್. (ನಾಯ್ಸ್ ನಡುವೆ ಪಕ್ಕದ ರೈತನ ಹಂದಿ ಕದ್ದು ಒಂದು ಸೆಮಿಸ್ಟರ್ ಕಾಲೇಜಿನಿಂದ ಹೊರಗಿದ್ದರು. ಆಗಲೂ ಅವರ ಪರ ನಿಂತವರು ಅದೇ ಮೇಷ್ಟ್ರು.) ಈ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಇಲ್ಲದಿರುವವರು ಪಿಎಚ್‌ಡಿ ವಿದ್ಯಾರ್ಥಿಗಳು. ಹಾಗಾಗಿ ಪಾಠ ಮಾಡುವುದು, ಲ್ಯಾಬಿನಲ್ಲಿ ನಿಲ್ಲುವುದು, ಪೇಪರ್ ತಿದ್ದುವುದು ಎಲ್ಲಕ್ಕೂ ಪ್ರೊಫೆಸರ್‌ಗಳೇ ಗತಿ. ಇಡೀ ಕಾಲೇಜಿಗೆ ಒಂದೂವರೆ, ಎರಡು ಸಾವಿರ ವಿದ್ಯಾರ್ಥಿಗಳು, ಹೆಚ್ಚಿನವರು ನಾಲ್ಕೂ ವರ್ಷ ಕ್ಯಾಂಪಸ್ಸಿನಲ್ಲೇ ವಾಸ. ಮಿನೆಸೋಟದ ನಾರ್ತ್‌ಫೀಲ್ಡ್ ಊರಿನಲ್ಲಿ ಇಂಥ ಕಾಲೇಜು ಎರಡಿವೆ, 1866ರ ಕಾರ್ಲ್‌ಟನ್ ಮತ್ತು 1874ರ ಸೇಂಟ್ ಓಲಾಫ್. ‘ಹಸು, ಕಾಲೇಜು, ನೆಮ್ಮದಿ’ ಎಂಬುದು ಆ ಊರಿನ ಘೋಷವಾಕ್ಯ. ನಮ್ಮ ತೀರ್ಥಹಳ್ಳಿಗೋ ಶಿರಸಿಗೋ ಹೇಳಿ ಮಾಡಿಸಿದ ಹಾಗಿದೆ.

ಇಲ್ಲಿ ಪ್ರತಿ ಕೋರ್ಸಿನ ಮೊದಲ ದಿನ ಕೈಗೆ ಬರುವ ಸಿಲಬಸ್ ಹಾಳೆಯ ನೆತ್ತಿಯಲ್ಲೇ ‘ಆಫೀಸ್ ಅವರ್ಸ್’ ಎಂಬ ಸಾಲಿರುತ್ತದೆ. ನಮ್ಮ ಹುಡುಗರು ಓದಿಯೂ ಮುಂದೆ ಹೋಗಿಬಿಡುತ್ತಾರೆ. ಕಾಲೇಜಿನ ಆಫೀಸು ಅಂದರೆ ಅವರಿಗೆ ಗೊತ್ತಿರುವುದು ಚಲನ್ ಕಟ್ಟುವ, ಟಿಸಿಗೆ ಅರ್ಜಿ ಕೊಡುವ, ‘ಊಟದ ಸಮಯ’ ಅಂತ ಬೋರ್ಡು ತಿರುಗಿಸುವ ಕಿಟಕಿ. ಇದು ಅದಲ್ಲ. ವಾರಕ್ಕೆ ಎರಡು ಮೂರು ಗಂಟೆ ಪ್ರೊಫೆಸರ್ ತಮ್ಮ ಕೋಣೆಯ ಬಾಗಿಲು ತೆರೆದು ವಿದ್ಯಾರ್ಥಿಗಳಿಗಾಗಿಯೇ ಕೂರುವ ಹೊತ್ತು. ಬಹಳಷ್ಟು ದಿನ ಅಲ್ಲಿಗೆ ಒಂದು ನರಪಿಳ್ಳೆಯೂ ಬರುವುದಿಲ್ಲ. ಅಪಾಯಿಂಟ್‌ಮೆಂಟ್ ಬೇಕೋ ಬೇಡವೋ ಎನ್ನುವುದು ಅದೇ ಹಾಳೆಯಲ್ಲಿ ಬರೆದಿರುತ್ತದೆ. ಆ ಹೊತ್ತಿಗೆ ಬೇರೆ ಕ್ಲಾಸ್ ಇದ್ದರೆ, ಕೋರ್ಸಿನ ನಂಬರ್ ಹಾಕಿ, ಬಿಡುವಿರುವ ಎರಡು ಮೂರು ಸಮಯ ತಿಳಿಸಿ ಮೇಲ್ ಹಾಕಿದರೆ ಸಾಕು. ‘ರೆಸ್ಪೆಕ್ಟೆಡ್ ಸರ್, ಕೈಂಡ್ಲಿ ಡೂ ದಿ ನೀಡ್‌ಫುಲ್’ ಬೇಕಿಲ್ಲ.

ಹೋಗಬೇಕಾದದ್ದು ಎರಡನೇ ವಾರದಲ್ಲಿ. ನಮ್ಮವರು ಹೋಗುವುದು ನಡುವಿನ ಪರೀಕ್ಷೆ, ಅಂದರೆ ಮಿಡ್‌ಟರ್ಮ್ ಕೈಕೊಟ್ಟ ಮೇಲೆ, ಅದೂ ಪ್ರಬಂಧ ಒಪ್ಪಿಸುವ ಹಿಂದಿನ ಮಧ್ಯಾಹ್ನ. ಆಗ ಕೋಣೆಯ ಮುಂದೆ ಏಳೆಂಟು ಜನರ ಸಾಲು, ತಲಾ ಐದು ನಿಮಿಷ. ಹೊಸದಾಗಿ ಯೋಚಿಸಲು ಯಾರಿಗೂ ಪುರುಸೊತ್ತಿಲ್ಲ. ಇನ್ನೊಂದು ಎಡವಟ್ಟು, ಒಳಗೆ ಹೋಗಿ ‘ಏನೂ ಅರ್ಥ ಆಗಲಿಲ್ಲ ಸರ್’ ಅನ್ನುವುದು. ಊರಲ್ಲಿ ಅದು ವಿನಯ. ಮೇಷ್ಟ್ರು ಕರಗಿ ಮೊದಲಿನಿಂದ ಇನ್ನೊಮ್ಮೆ ಹೇಳಿಕೊಡುತ್ತಾರೆ. ಇಲ್ಲಿ ‘ಎಲ್ಲಿಯವರೆಗೆ ಅರ್ಥವಾಯಿತು, ತೋರಿಸು’ ಅನ್ನುತ್ತಾರೆ, ಬರಿಗೈಯಲ್ಲಿ ಬಂದವರ ಬಾಯಿ ಕಟ್ಟಿಹೋಗುತ್ತದೆ. ಪುಟದ ನಂಬರ್ ಸಮೇತ ಒಂದೇ ಒಂದು ಪ್ರಶ್ನೆ ಬರೆದುಕೊಂಡು ಹೋದರೆ ಹತ್ತು ನಿಮಿಷ ಧಾರಾಳ. ಗಣಿತವಾದರೆ ಕೈ ನಿಂತ ಸಾಲಿನವರೆಗೆ ಬಿಡಿಸಿದ ಹಾಳೆ ಕೈಯಲ್ಲಿರಬೇಕು. ಪ್ರಬಂಧವಾದರೆ ತಾನು ಏನನ್ನು ವಾದಿಸಹೊರಟಿದ್ದೇನೆ ಎಂಬ ಒಂದು ವಾಕ್ಯ, ಅದಕ್ಕೆ ಆಧಾರವಾಗಿ ಪಠ್ಯದ ಎರಡು ಜಾಗ. ಅಷ್ಟಿದ್ದರೆ ಉಳಿದದ್ದು ಮಾತಿನಲ್ಲೇ ಹುಟ್ಟುತ್ತದೆ. ಹುಟ್ಟಲಿ ಅಂತಲೇ ಅವರು ಸುಮ್ಮನೆ ಕೂರುವುದು.

ಕ್ಲಾಸಿನಲ್ಲೂ ಹಾಗೆಯೇ. ಹದಿನೈದು ಇಪ್ಪತ್ತು ಜನ, ಮೇಜಿನ ಸುತ್ತ ಕುರ್ಚಿ. ಅನೇಕ ಕೋರ್ಸುಗಳಲ್ಲಿ ನೂರಕ್ಕೆ 15–20 ಅಂಕ ಮಾತಾಡಿದ್ದಕ್ಕೇ ಮೀಸಲು. ನಮ್ಮ ಹುಡುಗ ಓದಬೇಕಾದದ್ದೆಲ್ಲ ಓದಿ, ಅಡಿಗೆರೆ ಎಳೆದು, ಹಾಜರಿಗೆ ಒಂದು ದಿನವೂ ತಪ್ಪದೆ ಕೂತಿರುತ್ತಾನೆ. ಬಾಯಿ ಮಾತ್ರ ಬಿಡುವುದಿಲ್ಲ. ಪಕ್ಕದವ ಅರ್ಧ ಓದಿ ಬಂದು ಧೈರ್ಯವಾಗಿ ತಪ್ಪು ಹೇಳಿ ಚರ್ಚೆ ಎಬ್ಬಿಸುತ್ತಾನೆ. ಅಂಕ ಯಾರಿಗೆ ಅಂತ ಬೇರೆ ಹೇಳಬೇಕೇ? ಇದು ಅನ್ಯಾಯ ಅಂತ ಎಷ್ಟೋ ದಿನ ಅನಿಸಿತ್ತು, ಈಗಲೂ ಕಾಲುಭಾಗ ಅನಿಸುತ್ತದೆ. ಇದಕ್ಕೊಂದು ಉಪಾಯ ಇದೆ: ಮೊದಲ ಹತ್ತು ನಿಮಿಷದೊಳಗೆ, ಬರೆದುಕೊಂಡು ಬಂದ ಒಂದು ಪ್ರಶ್ನೆಯನ್ನು ಓದಿಬಿಡುವುದು. ಹೊತ್ತು ಹೋದಷ್ಟೂ ನಾಲಗೆ ಭಾರವಾಗುತ್ತದೆ. ಮಸಾಚುಸೆಟ್ಸ್‌ನ ವಿಲಿಯಮ್ಸ್ ಕಾಲೇಜಿನ ಟ್ಯುಟೋರಿಯಲ್‌ಗಳಲ್ಲಂತೂ ಅಡಗಲು ಜಾಗವೇ ಇಲ್ಲ. ಇಬ್ಬರು ವಿದ್ಯಾರ್ಥಿಗಳು, ಒಬ್ಬ ಪ್ರೊಫೆಸರ್. ಒಂದು ವಾರ ಒಬ್ಬರು ಐದಾರು ಪುಟ ಬರೆದು ಓದಿದರೆ ಇನ್ನೊಬ್ಬರು ಅದನ್ನು ಜಾಲಾಡಬೇಕು, ಮರುವಾರ ಅದಲುಬದಲು.

ನಮ್ಮವರು ನಿಜಕ್ಕೂ ಜಾರಿ ಬೀಳುವ ಜಾಗ ಬೇರೆ ಇದೆ, ಅದರ ಬೇರು ಊರಿನಲ್ಲೇ ಇದೆ. ‘ಪುಸ್ತಕದಲ್ಲಿ ಇದ್ದಹಾಗೇ ಬರೆದಿದ್ದಾಳೆ’ ಎನ್ನುವುದು ನಮ್ಮಲ್ಲಿ ಮೆಚ್ಚುಗೆ. ಪರೀಕ್ಷೆಗೆ ಹಿಂದಿನ ಐದು ವರ್ಷದ ಪ್ರಶ್ನೆಪತ್ರಿಕೆ, ಒಂದು ಗೈಡು, ಇಂಪಾರ್ಟೆಂಟ್ ಅಂತ ಗುರುತು ಹಾಕಿದ ಹತ್ತು ಪ್ರಶ್ನೆ. ಡಿಕ್ಟೇಟ್ ಮಾಡಿಸಿದ ನೋಟ್ಸನ್ನು ಅಕ್ಷರ ತಪ್ಪದೆ ಇಳಿಸಿದರೆ ಫಸ್ಟ್ ಕ್ಲಾಸ್. ಅದೇ ಕೈ ಇಲ್ಲಿ ಯಾವುದೋ ಪುಸ್ತಕದ ಎರಡು ವಾಕ್ಯವನ್ನು ಉದ್ಧರಣ ಚಿಹ್ನೆ ಇಲ್ಲದೆ ಇಳಿಸಿದರೆ ಕೃತಿಚೌರ್ಯ, ಓದಿನ ಪ್ರಾಮಾಣಿಕತೆ ವಿಚಾರಿಸುವ ಆನರ್ ಕೋಡ್ ಸಮಿತಿಯ ಮುಂದೆ ಹಾಜರಿ. ಮೂಲದ ಹೆಸರು ಕೆಳಗೆ ಹಾಕಿದ್ದೇನಲ್ಲ ಅಂದರೆ ನಡೆಯುವುದಿಲ್ಲ. ಮಾತು ಅವರದ್ದಾದರೆ ಚಿಹ್ನೆಯೊಳಗೆ ಇರಬೇಕು, ತನ್ನದೇ ಮಾತಿನಲ್ಲಿ ಹೇಳಿದರೂ ವಿಚಾರ ಯಾರದೆಂದು ಅಲ್ಲೇ ಸೂಚಿಸಬೇಕು. ಪದ ಬದಲಿಸಿ ವಾಕ್ಯದ ಹಂದರ ಹಾಗೇ ಉಳಿಸಿದರೂ ತಪ್ಪೇ. ಇದಕ್ಕೆ ಸುಲಭದ ದಾರಿ, ಓದಿದ ಪುಸ್ತಕ ಮುಚ್ಚಿಟ್ಟು ಟಿಪ್ಪಣಿ ಬರೆಯುವುದು, ಆಮೇಲೆ ತೆರೆದು ಪುಟ ಸಂಖ್ಯೆ ಹಾಕಿಕೊಳ್ಳುವುದು. ಜೊತೆಗೆ ರೈಟಿಂಗ್ ಸೆಂಟರ್ ಅಂತ ಒಂದಿರುತ್ತದೆ, ಪುಕ್ಕಟೆ. ಕರಡು ಮತ್ತು ಪ್ರಶ್ನೆ ಎರಡನ್ನೂ ಒಯ್ಯಬೇಕು. ಅಲ್ಲಿ ವ್ಯಾಕರಣ ತಿದ್ದಿಕೊಡುವುದಿಲ್ಲ. ಗಟ್ಟಿಯಾಗಿ ಓದು ಅನ್ನುತ್ತಾರೆ. ಓದುತ್ತಿದ್ದರೆ ಮುಗ್ಗರಿಸುವ ಜಾಗ ನಮಗೇ ಗೊತ್ತಾಗುತ್ತದೆ.

ಕೋರ್ಸು ಆರಿಸಿಕೊಳ್ಳುವ ಸ್ವಾತಂತ್ರ್ಯದ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಬೇಗ ಮುಗಿಸುತ್ತೇನೆ. ಮೇಜರ್, ಅಂದರೆ ಮುಖ್ಯ ವಿಷಯ, ಯಾವುದೆಂದು ಎರಡನೇ ವರ್ಷದ ಕೊನೆಯೊಳಗೆ ಹೇಳಿದರೆ ಸಾಕು. ಗ್ರಿನೆಲ್‌ನಲ್ಲಿ ಎಲ್ಲರಿಗೂ ಕಡ್ಡಾಯವಾದದ್ದು ಮೊದಲ ಸೆಮಿಸ್ಟರ್‌ನ ಒಂದು ಟ್ಯುಟೋರಿಯಲ್ (ವಿಲಿಯಮ್ಸ್‌ನ ಥರದ್ದಲ್ಲ, ಒಂದು ಸಣ್ಣ ತರಗತಿ) ಮಾತ್ರ, ಮತ್ತು ಅದನ್ನು ಪಾಠ ಮಾಡಿದವರೇ ಮೇಜರ್ ಆರಿಸುವವರೆಗೆ ಸಲಹೆಗಾರರು. ನಮ್ಮಲ್ಲಿ ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ತೆಗೆದುಕೊಂಡವನಿಗೆ ಜೀವಶಾಸ್ತ್ರದ ಬಾಗಿಲು ಮುಚ್ಚಿತೆಂದೇ ಲೆಕ್ಕ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಬಂದು ಓಪನ್ ಎಲೆಕ್ಟಿವ್, ನಾಲ್ಕು ವರ್ಷದ ಆನರ್ಸ್ ಅಂತ ಶುರುವಾಯಿತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂದು ನಿಂತಿತು. ಇಲ್ಲಿನ ಸ್ವಾತಂತ್ರ್ಯಕ್ಕೂ ಮುಳ್ಳಿದೆ. ಸಾಮಾನ್ಯವಾಗಿ ನಾಲ್ಕು ಕ್ರೆಡಿಟ್‌ನ ನಾಲ್ಕು ಕೋರ್ಸು. ಒಂದನ್ನು ಕೈಬಿಟ್ಟರೆ ಕನಿಷ್ಠ ಬೇಕಾದ 12 ಕ್ರೆಡಿಟ್‌ಗೆ ನಿಲ್ಲುತ್ತದೆ. ಎರಡನೆಯದನ್ನೂ ಬಿಟ್ಟರೆ ಎಫ್-1 ಎಂಬ ವಿದ್ಯಾರ್ಥಿ ವೀಸಾದ ಬುಡಕ್ಕೇ ಪೆಟ್ಟು, ಬಿಡುವ ಮೊದಲೇ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯ ಒಪ್ಪಿಗೆ ಬೇಕು. ಕಾರ್ಲ್‌ಟನ್‌ನಲ್ಲಿ ಹತ್ತು ವಾರದ ಟರ್ಮು, ಮೂರು ಕೋರ್ಸು. ಮೂರನೇ ವಾರ ಜ್ವರ ಬಂದು ಮಲಗಿದರೆ ಎದ್ದಾಗ ಮಿಡ್‌ಟರ್ಮ್ ಎದುರಿಗಿರುತ್ತದೆ.

ಇಷ್ಟು ಹೇಳಿದ ಮೇಲೆ ಕೆಲವು ಮಾತು ಒಪ್ಪಿಕೊಳ್ಳಲೇಬೇಕು, ಮನಸ್ಸಿಲ್ಲದಿದ್ದರೂ. ಆ ತೆರೆದ ಬಾಗಿಲಿಗೆ ಬೆಲೆ ಇದೆ. ಇಂಥ ಅನೇಕ ಕಾಲೇಜುಗಳಲ್ಲಿ ಶುಲ್ಕ, ಊಟ, ವಸತಿ ಸೇರಿ ವರ್ಷಕ್ಕೆ 80 ಸಾವಿರ ಡಾಲರ್ ದಾಟುತ್ತದೆ. ನೆರವು ಸಿಗುತ್ತದೆ ನಿಜ, ಆದರೆ ಹೊರದೇಶದವರ ಹಣಕಾಸು ನೋಡದೆ ಪ್ರವೇಶ ಕೊಡುವ ಅಮ್ಹರ್ಸ್ಟ್, ಬೌಡಿನ್ ಥರದವು ಬೆರಳೆಣಿಕೆ. ನಮ್ಮ ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಕೂಲಿಯವರ ಮಗಳು ಓದುತ್ತಾಳೆ. ಅವಳ ಕ್ಲಾಸಿನಲ್ಲಿ ಎಂಬತ್ತು ಜನ. ಪಾಠ ಮಾಡುವವರು ಅತಿಥಿ ಉಪನ್ಯಾಸಕರು, ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಅವರಿಗೇ ಗೊತ್ತಿಲ್ಲ. ಕೂತು ಮಾತಾಡಲು ಸ್ವಂತ ಕೋಣೆ ಹೋಗಲಿ, ಸ್ವಂತ ಕುರ್ಚಿಯೂ ಇಲ್ಲ. ಅವಳಿಗೂ ನಾಲ್ಕೂವರೆಯ ಬಸ್ಸು ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ. ಆಫೀಸ್ ಅವರ್ಸ್ ಇಡುವುದಾದರೂ ಯಾವಾಗ?

ಇಲ್ಲಿನ ನಂಟಿಗೂ ಒಂದು ಗೆರೆಯಿದೆ. ಬಾಗಿಲು ತೆರೆದಿರುವುದು ಎರಡರಿಂದ ನಾಲ್ಕರವರೆಗೆ. ಥ್ಯಾಂಕ್ಸ್‌ಗಿವಿಂಗ್‌ಗೆ, ಕ್ರಿಸ್ಮಸ್‌ಗೆ ಊರು ಖಾಲಿಯಾಗುತ್ತದೆ, ಡೈನಿಂಗ್ ಹಾಲ್ ಮುಚ್ಚುತ್ತದೆ, ರಜೆಯಲ್ಲಿ ಹಾಸ್ಟೆಲಿನಲ್ಲೇ ಉಳಿಯಲು ಮೊದಲೇ ಅರ್ಜಿ ಹಾಕದಿದ್ದರೆ ಕೋಣೆಯ ಕೀಲಿಯೂ ಕೆಲಸ ಮಾಡದು. ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ‘ಊಟ ಆಯ್ತಾ’ ಅಂತ ಯಾವ ಪ್ರೊಫೆಸರೂ ಕೇಳುವುದಿಲ್ಲ. ನಮ್ಮ ಮೇಷ್ಟ್ರು ಪ್ರಶ್ನೆ ಕೇಳಿಸಿಕೊಳ್ಳಲಾರರು ನಿಜ, ಆದರೆ ಫೀಸು ಕಟ್ಟಲಾಗದವನಿಗೆ ಜೇಬಿನಿಂದ ತೆಗೆದುಕೊಟ್ಟು ಯಾರಿಗೂ ಹೇಳದವರು ಪ್ರತಿ ಊರಲ್ಲೂ ಇದ್ದಾರೆ. 1921ರಲ್ಲಿ ರಾಧಾಕೃಷ್ಣನ್ ಮೈಸೂರಿನ ಮಹಾರಾಜಾ ಕಾಲೇಜು ಬಿಟ್ಟು ಹೊರಟಾಗ ಅವರು ಕೂತ ಸಾರೋಟನ್ನು ರೈಲು ನಿಲ್ದಾಣದವರೆಗೆ ವಿದ್ಯಾರ್ಥಿಗಳೇ ಎಳೆದರು. ಗ್ರಿನೆಲ್‌ನಲ್ಲಿ ನಾಯ್ಸ್ ಪದವಿ ಪಡೆದ ಅದೇ 1949ರಲ್ಲಿ ಹೆಗ್ಗೋಡಿನಲ್ಲಿ ನೀನಾಸಂ ಹುಟ್ಟಿತು. ಅಡಿಕೆ ತೋಟದ ನಡುವೆ ಕೃಷಿಕರೂ ಕವಿಗಳೂ ಒಟ್ಟಿಗೆ ಕೂತು ನಾಟಕ, ಸಿನಿಮಾ ನೋಡಿ ಜಗಳವಾಡುವ ಅಲ್ಲಿನ ಸಂಸ್ಕೃತಿ ಶಿಬಿರ, ಡಿಗ್ರಿಯಿಲ್ಲದ ಲಿಬರಲ್ ಆರ್ಟ್ಸ್ ಅಲ್ಲದೆ ಇನ್ನೇನು? ಹಾಗಾದರೆ ಪ್ರಶ್ನೆ ಕೇಳುವುದು ನಮ್ಮ ಮಣ್ಣಿನಲ್ಲಿಲ್ಲ ಅನ್ನುವ ಹಾಗಿಲ್ಲ. ಕಾಲೇಜಿನ ಕಾಂಪೌಂಡಿನೊಳಗೆ ಇಲ್ಲ, ಅಷ್ಟೇ.

ಕೋಣೆ ಇಲ್ಲ, ಕುರ್ಚಿ ಇಲ್ಲ, ಹೊತ್ತಿಲ್ಲ, ಎಲ್ಲ ಒಪ್ಪಿದೆ. ಆದರೆ ಆ ನಾಲ್ಕೂವರೆಯ ಬಸ್ಸಿನಲ್ಲಿ ಮೇಷ್ಟ್ರೂ ಅದೇ ದಾರಿಯವರೇ ಆಗಿರುತ್ತಾರಲ್ಲ. ಮುಕ್ಕಾಲು ಗಂಟೆಯ ಹಾದಿ. ಅವರ ಪಕ್ಕದ ಸೀಟು ಖಾಲಿ ಇರುತ್ತದೆ, ಹುಡುಗರು ಕಂಬಿ ಹಿಡಿದು ನಿಂತೇ ಬರುತ್ತಾರೆ.